ಬಂದವರು ಮನೆಯವರಾಗುವ ತನಕ: ಸ್ಥಳೀಯ ಸಭೆಗಳಲ್ಲಿ ಕ್ರೈಸ್ತ ಆತಿಥ್ಯ

ಕ್ರೈಸ್ತ ಸಭೆಯ ಬದುಕಿನಲ್ಲಿ ಆತಿಥ್ಯವು ಪ್ರಾರ್ಥನೆ ಮತ್ತು ಬೋಧನೆಗಳಷ್ಟೇ ಹಳೆಯದು. ಗುರುತಿಲ್ಲದವರನ್ನು ಬಾಗಿಲಲ್ಲಿ ಎದುರುಗೊಳ್ಳುವುದು, ಕೂರಲು ಜಾಗ ಮಾಡಿಕೊಡುವುದು, ಜೊತೆಯಲ್ಲಿ ಉಣ್ಣುವುದು, ಕಷ್ಟದಲ್ಲಿರುವವರಿಗೆ ಆಸರೆಯಾಗುವುದು, ಕೊನೆಗೆ ಅವರಿಗೂ ಸಭೆಯ ಹೊಣೆಯಲ್ಲಿ ಪಾಲು ಕೊಡುವುದು, ಇಷ್ಟೂ ಸೇರಿದರೆ ಅದು ಆತಿಥ್ಯ. ಹಬ್ಬದ ದಿನ ಊಟ ಹಾಕಿ ಕಳಿಸುವುದು ಅದರ ಒಂದು ಭಾಗ ಮಾತ್ರ. ಬಂದವರು ಎಷ್ಟು ಕಾಲ ಹೊರಗಿನವರಾಗಿಯೇ ಉಳಿಯುತ್ತಾರೆ ಎಂಬುದನ್ನು ನೋಡಿದರೆ ಒಂದು ಸಭೆಯ ಆತಿಥ್ಯ ಎಂಥದೆಂದು ತಿಳಿಯುತ್ತದೆ.

2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರ ಪಾಲು ಶೇ 1.87, ಅಂದರೆ ಸುಮಾರು 11.4 ಲಕ್ಷ ಜನ. ಅವರಲ್ಲಿ ಬಹುಪಾಲು ಜನ ಬೆಂಗಳೂರಿನಲ್ಲಿ ಮತ್ತು ಕರಾವಳಿಯಲ್ಲಿ ನೆಲೆಸಿದ್ದಾರೆ. ಮಧ್ಯ ಕರ್ನಾಟಕದ ದಾವಣಗೆರೆ ಜಿಲ್ಲೆಯಲ್ಲಿ ಅವರ ಪಾಲು ಶೇ 1ಕ್ಕಿಂತ ಕಡಿಮೆ. ಚನ್ನಗಿರಿ ತಾಲ್ಲೂಕು, ತುಂಗಭದ್ರೆಯ ದಡದ ಹೊನ್ನಾಳಿ, ನೆರೆಯ ನ್ಯಾಮತಿ, ಮಳೆ ಕಡಿಮೆಯ ಜಗಳೂರು ಇವೆಲ್ಲ ಇದೇ ಜಿಲ್ಲೆಯವು. ಇಂಥ ಕಡೆ ಕ್ರೈಸ್ತ ಕುಟುಂಬಗಳು ಬೇರೆ ನಂಬಿಕೆಯ ನೆರೆಹೊರೆಯ ನಡುವೆಯೇ ಬದುಕುತ್ತವೆ. ಹೀಗಾಗಿ ಇಲ್ಲಿ ಆತಿಥ್ಯವೆಂದರೆ ಕೊಡುವುದೂ ಹೌದು, ಪಡೆಯುವುದೂ ಹೌದು.

ಬೈಬಲಿನ ಆಧಾರ

ಕ್ರೈಸ್ತ ಆತಿಥ್ಯದ ಮೊದಲ ಮಾದರಿ ಆದಿಕಾಂಡದ 18ನೇ ಅಧ್ಯಾಯದಲ್ಲಿದೆ. ಮಮ್ರೆ ತೋಪಿನಲ್ಲಿ ಬಿಸಿಲು ಏರಿದ ಹೊತ್ತಿನಲ್ಲಿ ಗುಡಾರದ ಬಾಗಿಲಲ್ಲಿ ಕುಳಿತಿದ್ದ ಅಬ್ರಹಾಮ ಮೂವರು ಅಪರಿಚಿತರನ್ನು ಕಂಡು ಓಡಿ ಹೋಗಿ ಎದುರುಗೊಳ್ಳುತ್ತಾನೆ. ಕಾಲು ತೊಳೆಯಲು ನೀರು ತರಿಸುತ್ತಾನೆ, ರೊಟ್ಟಿ ಮಾಡಿಸುತ್ತಾನೆ, ಅವರು ಉಣ್ಣುವಾಗ ಪಕ್ಕದಲ್ಲೇ ನಿಂತಿರುತ್ತಾನೆ. ಬಂದವರು ಯಾರೆಂಬುದು ಅವನಿಗೆ ತಿಳಿಯುವುದು ಉಪಚಾರ ಮುಗಿದ ಮೇಲೆ. ಯಾಜಕಕಾಂಡದ 19ನೇ ಅಧ್ಯಾಯ ಪರದೇಶಿಯನ್ನು ಸ್ವದೇಶಿಯಂತೆಯೇ ಪ್ರೀತಿಸಬೇಕೆಂದು ವಿಧಿಸುತ್ತದೆ. ಇಸ್ರಾಯೇಲರೂ ಒಂದು ಕಾಲದಲ್ಲಿ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದರು ಎಂಬುದು ಅದಕ್ಕೆ ಕೊಡುವ ಕಾರಣ.

ಹೊಸ ಒಡಂಬಡಿಕೆಯಲ್ಲಿ ಈ ವಿಚಾರ ಇನ್ನಷ್ಟು ಬಿಗಿಯಾಗುತ್ತದೆ. ಪರದೇಶಿಯನ್ನು ಸೇರಿಸಿಕೊಂಡವರು ತನ್ನನ್ನೇ ಸೇರಿಸಿಕೊಂಡಂತೆ ಎಂದು ಮತ್ತಾಯನ 25ನೇ ಅಧ್ಯಾಯದಲ್ಲಿ ಯೇಸು ಸ್ವಾಮಿ ತೀರ್ಪು ಹೇಳುತ್ತಾರೆ. ಔತಣಕ್ಕೆ ಬಂಧುಗಳನ್ನೂ ಉಳ್ಳವರನ್ನೂ ಕರೆದರೆ ಅವರು ತಿರುಗಿ ಕರೆದು ಲೆಕ್ಕ ತೀರಿಸುತ್ತಾರೆ, ಆದ್ದರಿಂದ ಮರಳಿಸಲಾರದ ಬಡವರನ್ನೂ ಅಂಗವಿಕಲರನ್ನೂ ಕರೆಯಿರಿ ಎಂಬ ಬುದ್ಧಿವಾದ ಲೂಕನ 14ನೇ ಅಧ್ಯಾಯದಲ್ಲಿದೆ. ಫಿಲಿಪ್ಪಿ ಪಟ್ಟಣದಲ್ಲಿ ಧೂಮ್ರವರ್ಣದ ಬಟ್ಟೆ ಮಾರುತ್ತಿದ್ದ ಲುದ್ಯ ಎಂಬಾಕೆ ಪೌಲನನ್ನೂ ಅವನ ಸಂಗಡಿಗರನ್ನೂ ಒತ್ತಾಯ ಮಾಡಿ ತನ್ನ ಮನೆಯಲ್ಲಿ ಉಳಿಸಿಕೊಂಡಳು. ಅವಳ ಮನೆಯೇ ಅಲ್ಲಿನ ವಿಶ್ವಾಸಿಗಳು ಸೇರುವ ಜಾಗವಾಯಿತು. ಸಭೆಯ ಹಿರಿಯನಾಗುವವನು ಅತಿಥಿಸತ್ಕಾರ ಮಾಡುವವನಾಗಿರಬೇಕು ಎಂದು ತಿಮೊಥೆಯನಿಗೆ ಬರೆದ ಮೊದಲ ಪತ್ರ ಹೇಳುತ್ತದೆ. ಅಂದರೆ ಉಪದೇಶ ಮಾಡುವ ಸಾಮರ್ಥ್ಯ ಮತ್ತು ಮನೆ ಬಾಗಿಲು ತೆರೆಯುವ ಸ್ವಭಾವ ಎರಡೂ ಒಂದೇ ಪಟ್ಟಿಯಲ್ಲಿವೆ.

ಸ್ಥಳೀಯ ಸಭೆಗೆ ಅತ್ಯಂತ ನೇರವಾಗಿ ತಟ್ಟುವ ಭಾಗ ಯಾಕೋಬನ ಪತ್ರದ 2ನೇ ಅಧ್ಯಾಯ. ಚಿನ್ನದ ಉಂಗುರ ತೊಟ್ಟು ಬಂದವನಿಗೆ ಒಳ್ಳೆಯ ಪೀಠ, ಕೊಳಕು ಬಟ್ಟೆಯ ಬಡವನಿಗೆ ಕಾಲಬಳಿಯ ನೆಲ ಎಂದು ಬೇರೆ ಮಾಡುವ ಸಭೆಯನ್ನು ಅದು ಖಂಡಿಸುತ್ತದೆ. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು ಮುಗಿಸಿ, ಬಡವರು ಹಸಿದು ಉಳಿಯುತ್ತಿದ್ದುದನ್ನು ಕಂಡ ಪೌಲ, ಅಂಥ ಕೂಟ ಪ್ರಭುವಿನ ಭೋಜನವೇ ಅಲ್ಲ ಎಂದು ಬರೆದ. ಮೊದಲ ತಲೆಮಾರಿನ ಸಭೆಗಳೂ ಈ ಪರೀಕ್ಷೆಯಲ್ಲಿ ಎಡವಿದ್ದವು ಎಂಬುದನ್ನು ಬೈಬಲ್ ಮುಚ್ಚಿಟ್ಟಿಲ್ಲ.

ಆದಿ ಸಭೆಯಿಂದ ಮಠಗಳವರೆಗೆ

ಎರಡನೇ ಶತಮಾನದ ನಡುವೆ ರೋಮಿನಲ್ಲಿದ್ದ ಜಸ್ಟಿನ್ ಭಾನುವಾರದ ಆರಾಧನೆಯನ್ನು ವಿವರಿಸುವಾಗ, ಅಲ್ಲಿ ಕೂಡಿದ ಕಾಣಿಕೆ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ, ಊರಿಗೆ ಬಂದ ಪರಸ್ಥಳದವರಿಗೆ ಸಲ್ಲುತ್ತಿತ್ತು ಎಂದು ದಾಖಲಿಸಿದ್ದಾನೆ. ಅದಕ್ಕಿಂತ ಹಳೆಯದೆಂದು ಎಣಿಸಲಾದ ‘ದಿದಾಖೆ’ ಎಂಬ ಕಿರುಗ್ರಂಥದಲ್ಲಿ ದಾರಿಹೋಕರಿಗೆ ಸಂಬಂಧಿಸಿದ ನಿಯಮಗಳೇ ಇವೆ. ಬಂದವರನ್ನು ಎರಡು ದಿನ, ಬೇಕಾದರೆ ಮೂರು ದಿನ ಉಳಿಸಿಕೊಳ್ಳಬೇಕು. ನೆಲೆಸಲು ಬಯಸಿದರೆ ಅವರು ಕಸುಬು ಮಾಡಿ ಉಣ್ಣಬೇಕು. ಕಸುಬು ಗೊತ್ತಿಲ್ಲದವರಿಗೆ ಸಭೆಯೇ ಏನಾದರೂ ದಾರಿ ಹುಡುಕಿಕೊಡಬೇಕು. ಬಂದವರಿಗೆ ಘನತೆಯಿಂದ ಬದುಕುವ ದಾರಿಯನ್ನೂ ಆತಿಥೇಯರೇ ಯೋಚಿಸಬೇಕೆಂಬ ವಿವೇಕ ಆಗಲೇ ಮೂಡಿತ್ತು.

ನಾಲ್ಕನೇ ಶತಮಾನದಲ್ಲಿ, ಇಂದಿನ ಟರ್ಕಿಗೆ ಸೇರಿದ ಕೈಸರೈಯಾದಲ್ಲಿ ಬಿಷಪ್ ಬೆಸಿಲ್ ಬಡವರು, ರೋಗಿಗಳು ಮತ್ತು ಪ್ರಯಾಣಿಕರಿಗಾಗಿ ದೊಡ್ಡ ಆಶ್ರಯ ಸಂಕೀರ್ಣವನ್ನು ಕಟ್ಟಿಸಿದ. ಆರನೇ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟ್ ತನ್ನ ಮಠಗಳಿಗೆ ಬರೆದ ನಿಯಮಾವಳಿಯ 53ನೇ ಅಧ್ಯಾಯ ಪೂರ್ತಿ ಅತಿಥಿಗಳ ಕುರಿತದ್ದು. ಬರುವ ಪ್ರತಿಯೊಬ್ಬರನ್ನೂ ಕ್ರಿಸ್ತನೆಂದೇ ಬಗೆದು ಬರಮಾಡಿಕೊಳ್ಳಬೇಕು, ಬಡವರ ಮೇಲೆ ಹೆಚ್ಚು ಗಮನವಿರಬೇಕು ಎಂಬುದು ಅದರ ತಿರುಳು. ಬಾಗಿಲು ಕಾಯುವ ಕೆಲಸವನ್ನು ತಿಳಿವಳಿಕೆಯುಳ್ಳ ಹಿರಿಯ ಸಂನ್ಯಾಸಿಗೇ ಒಪ್ಪಿಸಬೇಕೆಂದೂ ಅದೇ ನಿಯಮಾವಳಿ ಹೇಳುತ್ತದೆ. ಮಠಗಳ ದಾಸೋಹ, ದರ್ಗಾಗಳ ಅನ್ನದಾನ ನೋಡಿ ಬೆಳೆದ ಕನ್ನಡಿಗರಿಗೆ ಈ ಪರಂಪರೆ ಅಪರಿಚಿತ ಎನಿಸಲಾರದು.

ಕನ್ನಡ ನಾಡಿನಲ್ಲಿ ಆಸರೆಯ ಚರಿತ್ರೆ

ಕನ್ನಡ ನಾಡಿನಲ್ಲಿ ಆತಿಥ್ಯವು ಬದುಕಿನ ಪ್ರಶ್ನೆಯಾಗಿ ಎದುರಾದದ್ದು ಬಾಸೆಲ್ ಮಿಷನ್ನಿನ ಕಾಲದಲ್ಲಿ. 1834ರಲ್ಲಿ ಈ ಪ್ರೊಟೆಸ್ಟೆಂಟ್ ಸಂಸ್ಥೆಯ ಮಿಷನರಿಗಳಾದ ಸ್ಯಾಮ್ಯುಯೆಲ್ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಮಂಗಳೂರಿಗೆ ಬಂದಿಳಿದರು. ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲೂ ಕೇಂದ್ರಗಳು ತೆರೆದವು. ಸಭೆಯೊಳಗೆ ಜಾತಿಭೇದ ಇರಕೂಡದೆಂದು ಈ ಮಿಷನ್ ಪಟ್ಟು ಹಿಡಿಯಿತು. ಆದರೆ ಜಾತಿ ಬಿಟ್ಟವರು ಮನೆ, ಹೊಲ, ಕುಲಕಸುಬು ಎಲ್ಲವನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೆ ಪ್ರಾರ್ಥನಾ ಮಂದಿರದಲ್ಲಿ ಜಾಗ ಕೊಟ್ಟರಷ್ಟೇ ಸಾಲುತ್ತಿರಲಿಲ್ಲ, ಅನ್ನದ ದಾರಿಯೂ ಬೇಕಿತ್ತು. ಮಂಗಳೂರಿನಲ್ಲಿ ಮಿಷನ್ನು ಮುದ್ರಣಾಲಯ, ನೇಯ್ಗೆ ಕಾರ್ಖಾನೆ ಮತ್ತು 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಆರಂಭಿಸಿದ ಹೆಂಚಿನ ಕಾರ್ಖಾನೆಯನ್ನು ಕಟ್ಟಿದ್ದರ ಹಿಂದೆ ಈ ಅಗತ್ಯವೂ ಇತ್ತು. ಮಂಗಳೂರು ಹೆಂಚು ನಾಡಿನ ಉದ್ದಗಲಕ್ಕೂ ಹರಡಿದ್ದು ಎಲ್ಲರಿಗೂ ತಿಳಿದಿದೆ. ನೆಲೆ ಕಳೆದುಕೊಂಡವರಿಗೆ ಕೆಲಸ ಕೊಡುವ ಉದ್ದೇಶವೂ ಆ ಉದ್ಯಮಕ್ಕಿತ್ತು ಎಂಬುದು ಅಷ್ಟಾಗಿ ನೆನಪಿನಲ್ಲಿಲ್ಲ. 1876ರಿಂದ 78ರವರೆಗಿನ ಭೀಕರ ಬರದಲ್ಲಿ ಹೆತ್ತವರನ್ನು ಕಳೆದುಕೊಂಡ ಮಕ್ಕಳಿಗೆ ಮೈಸೂರು ಸಂಸ್ಥಾನದಲ್ಲಿ ಕ್ಯಾಥೋಲಿಕ್ ಮತ್ತು ಪ್ರೊಟೆಸ್ಟೆಂಟ್ ಮಿಷನರಿಗಳು ಅನಾಥಾಲಯಗಳನ್ನು ತೆರೆದರು.

ಕ್ರೈಸ್ತರು ಆತಿಥ್ಯ ಪಡೆದ ಚರಿತ್ರೆಯೂ ಇಷ್ಟೇ ಮುಖ್ಯವಾದದ್ದು. ಮೈಸೂರಿನಲ್ಲಿ 1843ರಲ್ಲಿ ಚರ್ಚು ಕಟ್ಟಿಸಿಕೊಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರು. ಅದೇ ಜಾಗದಲ್ಲಿ ಇಂದು ನಿಂತಿರುವ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಬೇರೆ ನಂಬಿಕೆಯ ಅರಸರು ತಮ್ಮ ನೆಲದಲ್ಲಿ ಕ್ರೈಸ್ತರಿಗೆ ಹೀಗೆ ಜಾಗ ಮಾಡಿಕೊಟ್ಟರು. ಆ ಋಣ ಇಂದಿನ ಸಭೆಗಳ ಮೇಲಿದೆ, ತಮ್ಮ ಬಾಗಿಲು ತೆರೆದಿಟ್ಟೇ ಅವು ಅದನ್ನು ತೀರಿಸಬೇಕು.

ಹರಿಹರದ ಮಾತೆಯ ಅಂಗಳ

ಕ್ಯಾಥೋಲಿಕ್ ಆಡಳಿತದಲ್ಲಿ ದಾವಣಗೆರೆ ಜಿಲ್ಲೆ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರುತ್ತದೆ. 1988ರಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರದಿಂದ ಬೇರ್ಪಟ್ಟು ರೂಪುಗೊಂಡ ಇದು ಶಿವಮೊಗ್ಗ, ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳನ್ನು ಒಳಗೊಂಡಿದೆ. ಇದರ ಪ್ರಮುಖ ಯಾತ್ರಾಸ್ಥಳ ತುಂಗಭದ್ರೆಯ ತೀರದ ಹರಿಹರದಲ್ಲಿರುವ ಆರೋಗ್ಯ ಮಾತೆಯ ದೇವಾಲಯ. 2019ರಲ್ಲಿ ಪೋಪ್ ಫ್ರಾನ್ಸಿಸ್ ಇದಕ್ಕೆ ಕಿರಿಯ ಬೆಸಿಲಿಕಾ ಎಂಬ ಪದವಿ ನೀಡಿದರು.

ಪ್ರತಿವರ್ಷ ಸೆಪ್ಟೆಂಬರ್ 8ರಂದು, ಮರಿಯ ಮಾತೆಯ ಜನ್ಮದಿನದ ಹಬ್ಬಕ್ಕೆ, ಸುತ್ತಲಿನ ಜಿಲ್ಲೆಗಳಿಂದ ಜನ ಇಲ್ಲಿಗೆ ಬರುತ್ತಾರೆ. ಕೆಲವರು ಹರಕೆ ಹೊತ್ತು ನಡೆದೇ ಬರುತ್ತಾರೆ. ಬರುವವರಲ್ಲಿ ಕ್ರೈಸ್ತರಲ್ಲದವರೂ ಬಹಳ. ಹರಿ ಮತ್ತು ಹರರನ್ನು ಒಂದೇ ವಿಗ್ರಹದಲ್ಲಿ ಪೂಜಿಸುವ ಹರಿಹರೇಶ್ವರ ದೇವಾಲಯದ ಊರಿನಲ್ಲಿ, ಬೇರೆ ಬೇರೆ ನಂಬಿಕೆಯವರು ಒಂದೇ ಅಂಗಳದಲ್ಲಿ ಮೇಣದಬತ್ತಿ ಹಚ್ಚುವುದು ಸಹಜವೆಂಬಂತೆ ನಡೆದುಕೊಂಡು ಬಂದಿದೆ. ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲಿ ಆಗಸ್ಟ್ 29ರಿಂದ ಸೆಪ್ಟೆಂಬರ್ 8ರವರೆಗೆ, ಕಾರ್ಕಳದ ಅತ್ತೂರಿನ ಸಂತ ಲಾರೆನ್ಸ್ ಬೆಸಿಲಿಕಾದಲ್ಲಿ ಜನವರಿಯಲ್ಲಿ ಇದೇ ಬಗೆಯ ನೆರವಿ ಕಾಣುತ್ತದೆ.

ಇಂಥ ಯಾತ್ರಾಸ್ಥಳಗಳ ಆತಿಥ್ಯ ನಿಂತಿರುವುದು ಸಣ್ಣ ಏರ್ಪಾಡುಗಳ ಮೇಲೆ. ಕುಡಿಯುವ ನೀರು, ನೆರಳು, ಶೌಚಾಲಯ, ನಡೆದು ಬಂದವರಿಗೆ ಮಲಗಲು ಜಾಗ, ಹಸುಗೂಸು ಹೊತ್ತ ತಾಯಂದಿರಿಗೆ ಮರೆ, ಚಪ್ಪಲಿ ಎಲ್ಲಿ ಬಿಡಬೇಕು, ಕಾಣಿಕೆ ಎಲ್ಲಿ ಹಾಕಬೇಕು ಎಂದು ಮೆಲುದನಿಯಲ್ಲಿ ಹೇಳುವ ಸ್ವಯಂಸೇವಕರು, ಇವೆಲ್ಲ ಸರಿಯಾಗಿದ್ದರೆ ಬಂದವರ ಮನಸ್ಸು ಪ್ರಾರ್ಥನೆಯ ಕಡೆ ತಿರುಗುತ್ತದೆ.

ಭಾನುವಾರದ ಬಾಗಿಲು

ಯಾತ್ರೆಯ ಜನಜಂಗುಳಿಯಲ್ಲಿ ಯಾರೂ ಹೊರಗಿನವರಾಗಿ ಎದ್ದು ಕಾಣುವುದಿಲ್ಲ. ನಾಲ್ಕೈದು ಡಜನ್ ಜನ ಸೇರುವ ಚಿಕ್ಕ ಸಭೆಯಲ್ಲಿ ಹಾಗಲ್ಲ. ವರ್ಗವಾಗಿ ಬಂದ ಬ್ಯಾಂಕ್ ನೌಕರರು, ಶಾಲೆಗೆ ನೇಮಕವಾದ ಶಿಕ್ಷಕಿ, ದಾವಣಗೆರೆಯ ಕಾಲೇಜುಗಳಿಗೆ ಓದಲು ಬಂದ ಹೊರರಾಜ್ಯದ ವಿದ್ಯಾರ್ಥಿಗಳು, ಅಡಿಕೆ ಕೊಯ್ಲಿಗೆ ಬಂದ ಕೂಲಿ ಕುಟುಂಬ, ಮದುವೆಯಾಗಿ ಬಂದ ಸೊಸೆ, ಕುತೂಹಲದಿಂದ ಒಳಗೆ ಇಣುಕಿದ ನೆರೆಯವರು, ಇವರಲ್ಲಿ ಯಾರು ಬಂದರೂ ಎಲ್ಲರ ಕಣ್ಣು ಅವರ ಮೇಲೆ ಬೀಳುತ್ತದೆ. ಆದರೂ ಅವರನ್ನು ಯಾರೂ ಮಾತನಾಡಿಸದೆ ಹೋಗುವ ಸಂಭವ ಹೆಚ್ಚು.

ಇದನ್ನು ತಪ್ಪಿಸಲು ಸಭೆಗಳು ಕೆಲವು ರೂಢಿಗಳನ್ನು ಬೆಳೆಸಿಕೊಳ್ಳಬಹುದು. ಆರಾಧನೆಗೆ ಮುಂಚೆ ಬಾಗಿಲಲ್ಲಿ ಸರದಿಯ ಮೇಲೆ ಇಬ್ಬರು ನಿಲ್ಲಬೇಕು, ಅವರಲ್ಲಿ ಒಬ್ಬರು ಹೆಂಗಸಾಗಿದ್ದರೆ ಒಳ್ಳೆಯದು. ಹೊಸಬರಿಗೆ ಹಾಡಿನ ಪುಸ್ತಕ ಕೊಟ್ಟರೆ ಸಾಲದು, ಯಾವ ಹಾಡು ಎಲ್ಲಿದೆ, ಯಾವಾಗ ನಿಲ್ಲಬೇಕು, ಯಾವಾಗ ಮೊಣಕಾಲೂರಬೇಕು ಎಂದು ತಿಳಿಸಲು ಪಕ್ಕದಲ್ಲಿ ಒಬ್ಬರು ಕೂರಬೇಕು. ಎದ್ದು ನಿಂತು ಹೆಸರು ಹೇಳಿ ಎಂದು ಎಲ್ಲರೆದುರು ಒತ್ತಾಯಿಸುವುದು ಸಂಕೋಚದ ಸ್ವಭಾವದವರಿಗೆ ಕಷ್ಟ. ಮುಗಿದ ಮೇಲೆ ಚಹಾ ಕುಡಿಯುತ್ತ ವಿಚಾರಿಸಿದರೆ ಅವರೇ ಮಾತನಾಡುತ್ತಾರೆ. ಊರು, ಕೆಲಸ, ಮಕ್ಕಳ ಬಗ್ಗೆ ಕೇಳುವುದು ಸರಿ. ಜಾತಿ, ಸಂಬಳ, ಇನ್ನೂ ಮದುವೆಯಾಗದಿರಲು ಕಾರಣ ಕೇಳುವುದು ಸರಿಯಲ್ಲ.

ಕಟ್ಟಡವೂ ಮಾತನಾಡುತ್ತದೆ. ಮೆಟ್ಟಿಲ ಪಕ್ಕ ಇಳಿಜಾರು ಹಾದಿ ಇದ್ದರೆ ಗಾಲಿಕುರ್ಚಿಯವರೂ ಮೊಣಕಾಲು ನೋವಿನ ಅಜ್ಜಿಯರೂ ಒಳಗೆ ಬರುತ್ತಾರೆ. ಆರಾಧನೆಯ ಸಮಯ ಮತ್ತು ಭಾಷೆಯನ್ನು ಗೇಟಿನ ಫಲಕದಲ್ಲಿ ಬರೆದಿದ್ದರೆ ಹೊಸಬರು ಯಾರನ್ನೂ ಕೇಳದೆ ಬರಬಹುದು. ಅಳುವ ಮಗುವನ್ನೂ ತಾಯಿಯನ್ನೂ ಗದರಿಸುವ ಸಭೆಗೆ ಯುವ ಕುಟುಂಬಗಳು ಎರಡನೇ ಸಲ ಬರುವುದಿಲ್ಲ.

ಭಾಷೆಯೂ ಒಂದು ಬಾಗಿಲು

ಕರ್ನಾಟಕದ ಸಭೆಗಳಲ್ಲಿ ಸ್ವಾಗತದ ಪ್ರಶ್ನೆ ಭಾಷೆಯ ಪ್ರಶ್ನೆಯೂ ಆಗಿದೆ. ಎರಡನೇ ವ್ಯಾಟಿಕನ್ ಸಮ್ಮೇಳನ 1963ರಲ್ಲಿ ಜನಭಾಷೆಗಳಿಗೆ ಅವಕಾಶ ಕೊಟ್ಟ ಮೇಲೆ ಕ್ಯಾಥೋಲಿಕ್ ಬಲಿಪೂಜೆ ಲ್ಯಾಟಿನ್ನಿನಿಂದ ಕನ್ನಡಕ್ಕೆ ಬಂತು. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡಕ್ಕೆ ಎಷ್ಟು ಸ್ಥಾನ ಎಂಬುದು ದಶಕಗಳ ಕಾಲ ತೀವ್ರ ವಿವಾದವಾಗಿ ಉಳಿಯಿತು. ಪ್ರೊಟೆಸ್ಟೆಂಟರಲ್ಲಿ ಕನ್ನಡ ಸಭೆಗಳು ಮೊದಲೇ ಬೇರೂರಿದ್ದವು. 1904ರಲ್ಲಿ ಕಟ್ಟಿದ ಬೆಂಗಳೂರಿನ ಹಡ್ಸನ್ ಸ್ಮಾರಕ ಚರ್ಚು ಅಂಥ ಒಂದು ಹೆಸರಾಂತ ಕನ್ನಡ ಸಭೆ.

ಮಧ್ಯ ಕರ್ನಾಟಕದಲ್ಲಿ ಈ ಪ್ರಶ್ನೆ ಹುಟ್ಟಿದ್ದು ಕಾರ್ಖಾನೆಗಳಿಂದ. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಕಾಗದದ ಕಾರ್ಖಾನೆ ಬಂದಾಗ ತಮಿಳು, ಮಲಯಾಳ ನುಡಿಯ ಕಾರ್ಮಿಕರೂ ಬಂದರು. ಕರಾವಳಿಯಿಂದ ಕೊಂಕಣಿ ಕುಟುಂಬಗಳು ಬಂದು ನೆಲೆಸಿದವು. 2007ರಲ್ಲಿ ಕೇರಳ ಮೂಲದ ಸಿರೋ ಮಲಬಾರ್ ಕ್ಯಾಥೋಲಿಕ್ ಸಭೆ ಭದ್ರಾವತಿಯಲ್ಲಿ ತನ್ನದೇ ಧರ್ಮಪ್ರಾಂತ್ಯ ಸ್ಥಾಪಿಸಿತು. ತಾಯ್ನುಡಿಯಲ್ಲಿ ಪ್ರಾರ್ಥಿಸುವ ಹಂಬಲ ಎಲ್ಲರದೂ ಹೌದು, ಅದನ್ನು ಗೌರವಿಸಬೇಕು. ಆದರೆ ಊರಿನ ಭಾಷೆ ಸಭೆಯಲ್ಲಿ ಕೇಳಿಸದಿದ್ದರೆ ಊರಿನವರಿಗೆ ಆ ಬಾಗಿಲು ಮುಚ್ಚಿದಂತೆಯೇ. ಕನ್ನಡವನ್ನು ಎಲ್ಲರ ಸಾಮಾನ್ಯ ಭಾಷೆಯಾಗಿ ಇಟ್ಟುಕೊಂಡು, ಒಂದು ವಾಚನ ಅಥವಾ ಒಂದು ಹಾಡನ್ನು ಬೇರೆ ನುಡಿಯಲ್ಲಿ ಸೇರಿಸುವುದು ಚಿಕ್ಕ ಸಭೆಗಳಿಗೆ ಒಗ್ಗುವ ದಾರಿ.

ಒಂದೇ ಪಂಕ್ತಿಯ ಊಟ

ಸಭೆಗಳ ವರ್ಷದಲ್ಲಿ ಒಟ್ಟಿಗೆ ಉಣ್ಣುವ ಸಂದರ್ಭಗಳು ಹಲವು. ಕೊಂಕಣಿ ಕ್ಯಾಥೋಲಿಕರು ಸೆಪ್ಟೆಂಬರ್ 8ರಂದು ಆಚರಿಸುವ ಮೊಂತಿ ಹಬ್ಬದಲ್ಲಿ ಹೊಸ ತೆನೆಯನ್ನು ಚರ್ಚಿನಲ್ಲಿ ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ, ಹೊಸ ಅಕ್ಕಿಯನ್ನು ಸೇರಿಸಿದ ಸಸ್ಯಾಹಾರದ ಊಟವನ್ನು ಮನೆಯವರೆಲ್ಲ ಕೂಡಿ ಉಣ್ಣುತ್ತಾರೆ. ಪ್ರೊಟೆಸ್ಟೆಂಟ್ ಸಭೆಗಳ ಸುಗ್ಗಿ ಹಬ್ಬದಲ್ಲಿ ಸದಸ್ಯರು ಬೆಳೆದ ತೆಂಗು, ಕುಂಬಳ, ಧಾನ್ಯ, ಬಾಳೆಗೊನೆಗಳನ್ನು ತಂದು ಒಪ್ಪಿಸುತ್ತಾರೆ, ಆಮೇಲೆ ಹರಾಜಾಗುತ್ತದೆ. ಕ್ರಿಸ್‌ಮಸ್ಸಿನಲ್ಲಿ ಗೋದಲಿ ನೋಡಲು ನೆರೆಮನೆಯ ಮಕ್ಕಳು ಬರುತ್ತಾರೆ, ಕರಾವಳಿ ಮೂಲದ ಮನೆಗಳಿಂದ ಕುಸ್ವಾರ್ ತಿಂಡಿಯ ತಟ್ಟೆಗಳು ಅಕ್ಕಪಕ್ಕಕ್ಕೆ ಹೋಗುತ್ತವೆ.

ಈ ಊಟಗಳು ನಿಜವಾದ ಆತಿಥ್ಯವಾಗಬೇಕಾದರೆ ಅಡುಗೆಯಲ್ಲೂ ಗಮನ ಬೇಕು. ಲಿಂಗಾಯತರು ಹೆಚ್ಚಾಗಿರುವ ಈ ಸೀಮೆಯಲ್ಲಿ ಸಸ್ಯಾಹಾರದ ಅಡುಗೆಯನ್ನು ಬೇರೆ ಪಾತ್ರೆಯಲ್ಲಿ ಮಾಡಿ ಬಡಿಸಿದರೆ ನೆರೆಯವರು ನಿರಾಳವಾಗಿ ಉಣ್ಣುತ್ತಾರೆ. ಮುಸ್ಲಿಂ ನೆರೆಯವರ ಆಹಾರ ನಿಯಮಗಳಿಗೂ ಅಷ್ಟೇ ಗೌರವ ಸಲ್ಲಬೇಕು. ಆದರೆ ಸಭೆಯವರೇ ಜಾತಿ ಹಿಡಿದು ಬೇರೆ ಬೇರೆ ಕೂರುವುದಕ್ಕೆ ಎಡೆಯಿರಬಾರದು. ಭಾರತದ ಸಭೆಗಳಲ್ಲಿ ಜಾತಿ ಪೂರ್ತಿ ಅಳಿದಿಲ್ಲ. ಕೂರುವ ಬೆಂಚಿನಲ್ಲಿ, ಮದುವೆ ಸಂಬಂಧದಲ್ಲಿ, ಸ್ಮಶಾನದ ಜಾಗದಲ್ಲಿ ಕೂಡ ಅದು ಅಲ್ಲಲ್ಲಿ ತಲೆ ಎತ್ತುತ್ತದೆ. ದಲಿತ ಕುಟುಂಬವೊಂದು ಎಲ್ಲರ ಜೊತೆ ಉಂಡು, ಅಡುಗೆಯನ್ನೂ ತಾನೇ ಮಾಡಿ ಬಡಿಸುವಂತಾದ ಸಭೆಯಲ್ಲಿ ಮಾತ್ರ ಯಾಕೋಬನ ಪತ್ರ ಬರೀ ವಾಚನವಾಗಿ ಉಳಿದಿಲ್ಲ ಎನ್ನಬಹುದು.

ಮಿತಿ ಮತ್ತು ಎಚ್ಚರ

ಆತಿಥ್ಯಕ್ಕೂ ಮಿತಿಗಳಿವೆ, ಅವುಗಳನ್ನು ಮುಚ್ಚುಮರೆಯಿಲ್ಲದೆ ತಿಳಿಸುವುದೂ ಆತಿಥ್ಯವೇ. ಕ್ಯಾಥೋಲಿಕ್ ಬಲಿಪೂಜೆಗೆ ಯಾರು ಬೇಕಾದರೂ ಬಂದು ಕೂರಬಹುದು, ಆದರೆ ಪರಮಪ್ರಸಾದ ಸಲ್ಲುವುದು ಅದಕ್ಕೆ ಸಿದ್ಧರಾದ ಕ್ಯಾಥೋಲಿಕರಿಗೆ. ಪ್ರೊಟೆಸ್ಟೆಂಟ್ ಸಭೆಗಳಲ್ಲೂ ಕರ್ತನ ಭೋಜನಕ್ಕೆ ಸಾಮಾನ್ಯವಾಗಿ ದೀಕ್ಷಾಸ್ನಾನ ಮೊದಲಾದ ನಿಯಮಗಳಿವೆ. ಸಾಲಿನಲ್ಲಿ ಬಂದು ನಿಂತವರನ್ನು ತಡೆದು ಮುಜುಗರ ಮಾಡುವ ಬದಲು ಗುರುಗಳು ಅಥವಾ ಸಭಾಪಾಲಕರು ಮೊದಲೇ ಎರಡು ಮಾತಿನಲ್ಲಿ ವಿವರಿಸುವುದು ಒಳ್ಳೆಯದು.

ಎರಡನೆಯ ಎಚ್ಚರ ಆಮಿಷದ ಕುರಿತದ್ದು. 2022ರಲ್ಲಿ ಕರ್ನಾಟಕ ವಿಧಾನಮಂಡಲ ಅಂಗೀಕರಿಸಿದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ, ಮತಾಂತರದ ಸಲುವಾಗಿ ಕೊಡುವ ಉಡುಗೊರೆ, ಹಣ, ಉದ್ಯೋಗ, ಉಚಿತ ಶಿಕ್ಷಣಗಳನ್ನು ಆಮಿಷವೆಂದು ಹೆಸರಿಸಿತು. ಆ ಕಾಯ್ದೆಯ ಬಗ್ಗೆ ತೀವ್ರ ಭಿನ್ನಾಭಿಪ್ರಾಯಗಳಿವೆ. ಕಾನೂನು ಏನೇ ಇರಲಿ, ಮರಳಿಸಲಾರದವರನ್ನು ಕರೆಯಿರಿ ಎಂಬ ಲೂಕನ ಸುವಾರ್ತೆಯ ಮಾತು ಈ ವಿಚಾರದಲ್ಲಿ ಸ್ಪಷ್ಟವಾಗಿದೆ. ಉಣ್ಣಲು ಕೊಟ್ಟ ಅನ್ನಕ್ಕೆ ಪ್ರತಿಯಾಗಿ ಏನನ್ನೂ, ನಂಬಿಕೆಯನ್ನು ಕೂಡ, ನಿರೀಕ್ಷಿಸಬಾರದು.

ಮೂರನೆಯದು ಸುರಕ್ಷತೆ. ಮಕ್ಕಳ ಹೊಣೆಯನ್ನು ಹೊಸಬರ ಕೈಗೆ ತಕ್ಷಣ ಒಪ್ಪಿಸಬಾರದು. ಹಣದ ನೆರವು ಕೇಳಿ ಬಂದವರ ವಿಷಯವನ್ನು ಒಬ್ಬರೇ ತೀರ್ಮಾನಿಸದೆ ಇಬ್ಬರು ಮೂವರು ಕೂಡಿ ವಿಚಾರಿಸುವುದು ಕೊಡುವವರಿಗೂ ಪಡೆಯುವವರಿಗೂ ಹಿತ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭವಾಗಿ ಇಂದು ಕರ್ನಾಟಕದ ಧರ್ಮಕೇಂದ್ರಗಳಲ್ಲೂ ಇರುವ ಸಂತ ವಿನ್ಸೆಂಟ್ ಡಿ ಪಾವ್ಲ್ ಸೊಸೈಟಿಯ ಸದಸ್ಯರು ಕಷ್ಟದಲ್ಲಿರುವವರ ಮನೆಗೇ ಹೋಗಿ ಕಂಡು ನೆರವಾಗುತ್ತಾರೆ. ಕೈಯೊಡ್ಡಿ ನಿಲ್ಲುವ ಅವಮಾನ ಅಲ್ಲಿ ತಪ್ಪುತ್ತದೆ.

ಅತಿಥಿಯಿಂದ ಸದಸ್ಯರವರೆಗೆ

ಸ್ವಾಗತದ ಕೊನೆಯ ಹಂತವೇ ಅತ್ಯಂತ ಕಠಿಣವಾದದ್ದು. ಬಂದವರಿಗೆ ನಗುಮುಖ ತೋರುವುದು ಸುಲಭ, ತೀರ್ಮಾನ ಮಾಡುವ ಜಾಗ ಬಿಟ್ಟುಕೊಡುವುದು ಸುಲಭವಲ್ಲ. ತಲೆತಲಾಂತರದಿಂದ ಇರುವ ಮನೆತನಗಳೇ ಸಮಿತಿ, ಗಾಯಕವೃಂದ, ಹಬ್ಬದ ಮೇಲುಸ್ತುವಾರಿ ನಡೆಸುತ್ತಿದ್ದರೆ ಹತ್ತು ವರ್ಷದ ಹಿಂದೆ ಬಂದವರೂ ನೆಂಟರಾಗಿಯೇ ಉಳಿಯುತ್ತಾರೆ. ಕ್ಯಾಥೋಲಿಕ್ ಧರ್ಮಕೇಂದ್ರಗಳ ಕಿರು ಕ್ರೈಸ್ತ ಸಮುದಾಯಗಳು, ಪ್ರೊಟೆಸ್ಟೆಂಟರ ಮನೆ ಪ್ರಾರ್ಥನಾ ಕೂಟಗಳು ಇದಕ್ಕೆ ನೆರವಾಗುತ್ತವೆ. ಹತ್ತು ಹದಿನೈದು ಮನೆಗಳ ಕೂಟದಲ್ಲಿ ಹೊಸ ಕುಟುಂಬದ ಮನೆಯೂ ಸರದಿಯಲ್ಲಿ ಬರುತ್ತದೆ, ಅಂದು ಅವರೇ ಆತಿಥೇಯರಾಗುತ್ತಾರೆ.

ಹಾಗಾಗಿ ಪ್ರತಿಯೊಂದು ಸ್ಥಳೀಯ ಸಭೆಯೂ ವರ್ಷಕ್ಕೊಮ್ಮೆ ಹಣದ ಲೆಕ್ಕ ನೋಡುವಾಗ ಇನ್ನೊಂದು ಲೆಕ್ಕವನ್ನೂ ನೋಡಲಿ. ಐದು ವರ್ಷಗಳಲ್ಲಿ ಹೊಸದಾಗಿ ಬಂದವರೆಷ್ಟು, ಉಳಿದವರೆಷ್ಟು, ಉಳಿದವರಲ್ಲಿ ಇಂದು ವಾಚನ ಓದುವವರು, ಅಡುಗೆಗೆ ನಿಲ್ಲುವವರು, ಸಮಿತಿಯಲ್ಲಿ ಕೂರುವವರು ಎಷ್ಟು ಎಂಬ ಪಟ್ಟಿ ಬರೆಯಲಿ. ಆ ಪಟ್ಟಿ ಖಾಲಿಯಾಗಿದ್ದರೆ ಮುಂದಿನ ಭಾನುವಾರವೇ ಕೆಲಸ ಆರಂಭಿಸಬೇಕು.